ಮಣಿಗೊಂದು ಗಂಟು

ಪ್ರಶ್ನೆ

ಅಕ್ಕಾ, ನನಗೆ 41 ವರ್ಷ. ಊರು ಅಕ್ಕಿಆಲೂರು. ಎರಡು ವರ್ಷದಿಂದ ಮನೆಯಲ್ಲೇ ಕೂತು ಮಣಿಸರ, ಕಿವಿಯೋಲೆ, ಮಕ್ಕಳ ಕೈಸರ ಮಾಡಿ ಮಾರುತ್ತಿದ್ದೆ. ಯಾರ ಬಳಿಯೂ ಕಲಿತಿಲ್ಲ, ಮೊಬೈಲ್ ನೋಡಿ ಕಲಿತದ್ದು. ಓಣಿಯವರು, ಶಾಲೆಯ ಟೀಚರುಗಳು ಕೊಳ್ಳುತ್ತಿದ್ದರು. ಧೈರ್ಯ ಬಂತು. ಸಂಘದಲ್ಲಿ 15,000 ರೂಪಾಯಿ ಸಾಲ ತೆಗೆದು ಹುಬ್ಬಳ್ಳಿಯಿಂದ ಸಾಮಾನು ತಂದೆ.

ವೈಶಾಖದಲ್ಲಿ ನಾದಿನಿಯ ಮಗಳ ಮದುವೆ ಇತ್ತು. "ಅತ್ತಿ, ನೀ ಮಾಡಿದ ಸರಾನ ಹಾಕ್ಕೋತೀನಿ" ಅಂದಳು. ತಿಂಗಳು ಕೂತು ಮುತ್ತಿನ ಬಣ್ಣದ ಮಣಿ, ನಡುನಡುವೆ ಕೆಂಪು ಗಾಜಿನ ಹರಳು ಹಾಕಿ ಐದೆಳೆಯ ಸರ ಮಾಡಿದೆ. ಹೊಲಿಗೆ ದಾರವನ್ನೇ ಎರಡೆಳೆ ಮಾಡಿ ಪೋಣಿಸಿದ್ದೆ. ಅಕ್ಕಿಕಾಳು ಬೀಳುವ ಹೊತ್ತಿಗೇ ಸರ ಹರಿಯಿತು. ಮಣಿಯೆಲ್ಲ ಮಂಟಪದ ತುಂಬ ಉರುಳಿದವು. ಯಾರೋ ನಕ್ಕರು. ಇನ್ಯಾರೋ "ಶುಭಕಾರ್ಯದಾಗ ಹಿಂಗ ಆಗಬಾರದಿತ್ತು" ಅಂದರು. ಅತ್ತೆಯವರು ಮನೆಗೆ ಬಂದ ಮೇಲೆ "ಮಣಿ ಪೋಣಿಸಿದ್ರ ಹೊಟ್ಟಿ ತುಂಬತದೇನು? ಇನ್ನ ಆ ಡಬ್ಬಿ ಮುಟ್ಟಬ್ಯಾಡ" ಅಂದರು. ನಮ್ಮ ಮನೆಯವರು ಏನೂ ಅನ್ನಲಿಲ್ಲ. ಸಿಕ್ಕಷ್ಟು ಮಣಿ ಆರಿಸಿ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. ಆ ಗಂಟನ್ನು ಇವತ್ತಿಗೂ ಬಿಚ್ಚಿಲ್ಲ.

ಆವತ್ತಿನಿಂದ ಸೂಜಿ ಹಿಡಿದರೆ ಕೈ ನಡುಗುತ್ತದೆ. ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ. ಮೊನ್ನೆ ಆ ಹುಡುಗಿಗೆ ಜ್ವರ ಅಂತ ಫೋನ್ ಬಂದಾಗ, ನನ್ನಿಂದಲೇ ಆಯಿತೇನೋ ಎಂದು ಎದೆ ಹಾರಿತು. ಸಾಲದ ಕಂತು ಬೇರೆ. ಪಂಚಮಿಗೆ ನಾದಿನಿ, ಮಗಳು ಇಬ್ಬರೂ ನಮ್ಮ ಮನೆಗೆ ಬರುತ್ತಾರೆ. ಹೇಗೆ ಮುಖ ತೋರಿಸಲಿ? ಈ ಕೆಲಸ ಬಿಟ್ಟುಬಿಡಲೇ?

— ಹೆಸರು ಬೇಡ, ಅಕ್ಕಿಆಲೂರು

ಉತ್ತರ

ತಂಗೀ,

ನಿಮ್ಮ ಪತ್ರ ಓದಿ ಕೆಳಗಿಟ್ಟ ಮೇಲೂ ಆ ಮಂಟಪವೇ ಕಣ್ಣ ಮುಂದೆ ಇತ್ತು. ತಿಂಗಳಿಡೀ ಕೂತು, ಒಂದೊಂದೇ ಮಣಿ ಆರಿಸಿ, ಪ್ರೀತಿಯ ಹುಡುಗಿಗಾಗಿ ಮಾಡಿದ ಸರ. ಅದು ಅವಳ ಕೊರಳಲ್ಲಿ ಕಾಣಬೇಕಾದ ಗಳಿಗೆಯಲ್ಲೇ, ನೆಂಟರಿಷ್ಟರೆಲ್ಲ ನೋಡುತ್ತಿರುವಾಗಲೇ ಹರಿದು ಚೆಲ್ಲಿತು. ನಾಚಿಕೆ ಆಗಿಯೇ ಆಗುತ್ತದೆ. ಎದೆಯಲ್ಲಿ ಕಲ್ಲಿಟ್ಟ ಹಾಗೆ ಆಗುತ್ತದೆ. ಮೂರು ತಿಂಗಳಾಗುತ್ತ ಬಂದರೂ ಅದು ಇಳಿದಿಲ್ಲ ಎಂದರೆ ನೀವು ಅಳ್ಳೆದೆಯವರು ಎಂದಲ್ಲ. ಆ ಸರದಲ್ಲಿ ನೀವು ಅಷ್ಟು ಜೀವ ಇಟ್ಟಿದ್ದಿರಿ. ಸೂಜಿ ಕಂಡರೆ ಕೈ ನಡುಗುವುದೂ ಸಹಜವೇ. ಸುಟ್ಟ ಕೈ ಒಲೆಯ ಹತ್ತಿರ ಹೋಗಲು ಹಿಂಜರಿಯುವ ಹಾಗೆ, ನೊಂದ ಜಾಗಕ್ಕೆ ಮತ್ತೆ ಹೋಗದಂತೆ ಮೈ ನಿಮ್ಮನ್ನು ಕಾಯುತ್ತಿದೆ, ಅಷ್ಟೆ.

ಹಾಗಾಗಿ ಕೆಲಸ ಬಿಡಲೇ, ಮುಂದುವರಿಸಲೇ ಎಂಬುದನ್ನು ಇವತ್ತೇ ತೀರ್ಮಾನಿಸಬೇಡಿ. ನಾಚಿಕೆ ತುಂಬಿದ ಮನಸ್ಸು ಮಾಡುವ ತೀರ್ಮಾನ ಬಹಳ ಸಲ ನಮ್ಮದಾಗಿರುವುದಿಲ್ಲ. ಅದಕ್ಕೂ ಮುನ್ನ ನಿಮ್ಮೊಂದಿಗೆ ಒಂದು ಹಳೆಯ ಕಸುಬಿನ ಮಾತು ಆಡಬೇಕಿದೆ.

ಪಟವೇಗಾರರ ಗಂಟು

ನಿಮ್ಮ ಕಡೆಗೆ ಪಟವೇಗಾರರು ಹೊಸಬರಲ್ಲ. ಒಡವೆಗೆ ದಾರ ಕಟ್ಟುವುದು, ಮುತ್ತು ಹವಳ ಪೋಣಿಸುವುದು ಅವರ ಕಸುಬು. ಹೆಸರಿನಲ್ಲೇ ಪಟ್ಟೆಯ, ಎಂದರೆ ರೇಷ್ಮೆಯ ನೂಲು ಇದೆ. ಬೆಲೆಬಾಳುವ ಮುತ್ತಿನ ಸರ ಕಟ್ಟುವವರು ಮುತ್ತುಗಳನ್ನು ಸುಮ್ಮನೆ ಒಂದರ ಹಿಂದೆ ಒಂದು ತೂರಿಸುವುದಿಲ್ಲ. ಒಂದು ಮುತ್ತು, ಒಂದು ಗಂಟು. ಮತ್ತೊಂದು ಮುತ್ತು, ಮತ್ತೊಂದು ಗಂಟು. ಅದರಿಂದ ಎರಡು ಉಪಕಾರ. ಮುತ್ತಿಗೆ ಮುತ್ತು ತಿಕ್ಕಿ ಸವೆಯುವುದಿಲ್ಲ. ದಾರ ಎಲ್ಲಾದರೂ ಹರಿದರೆ ಬೀಳುವುದು ಒಂದೇ ಮುತ್ತು, ಉಳಿದವು ತಮ್ಮ ತಮ್ಮ ಗಂಟಿನಲ್ಲೇ ನಿಲ್ಲುತ್ತವೆ.

ಗಮನಿಸಿ, ದಾರ ಎಂದೂ ಹರಿಯುವುದಿಲ್ಲ ಎಂದು ಅವರು ನಂಬಿದವರಲ್ಲ. ಇಂದಲ್ಲ ನಾಳೆ ಹರಿದೀತು ಎಂದು ಒಪ್ಪಿಕೊಂಡೇ ಗಂಟು ಹಾಕಿದರು.

ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರ ಹಳೆಯ ಉಡುಪು ನೋಡಿದ್ದೀರಾ? ಕವಡೆ, ಕನ್ನಡಿ, ಮಣಿ ಒಂದೊಂದನ್ನೂ ಬೇರೆ ಬೇರೆಯಾಗಿ ಹೊಲಿದಿರುತ್ತಾರೆ. ಒಂದು ಕನ್ನಡಿ ಉದುರಿದರೆ ಪಕ್ಕದ್ದು ಅಲುಗುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಂಥ ಕಸೂತಿಯ ಬಾಳಿಕೆ ಇರುವುದು ಈ ಬಿಡಿ ಬಿಡಿ ಹೊಲಿಗೆಯಲ್ಲೇ.

ಈಗ ನಿಮ್ಮ ಪತ್ರಕ್ಕೆ ಬರೋಣ. ನಿಮ್ಮ ಮನಸ್ಸಿನಲ್ಲಿ ನಾಚಿಕೆ, ಅಪಶಕುನದ ಭಯ, ಸಾಲ, ಅತ್ತೆಯವರ ಮಾತು, ಪಂಚಮಿಯ ಅಳುಕು ಎಲ್ಲವೂ ಒಂದೇ ದಾರದಲ್ಲಿ ಗಂಟಿಲ್ಲದೆ ಪೋಣಿಸಿಕೊಂಡಿವೆ. ಒಂದು ಕಡೆ ಹರಿದದ್ದೇ ತಡ, ಎಲ್ಲವೂ ಒಟ್ಟಿಗೆ ಉರುಳಿದವು. ಆದ್ದರಿಂದ ಒಂದೊಂದನ್ನೇ ಎತ್ತಿಕೊಂಡು ನಡುವೆ ಗಂಟು ಹಾಕುತ್ತ ಹೋಗೋಣ.

ಮೊದಲು, ಆ ಭಯ

ಸರ ಹರಿದದ್ದರಿಂದ ಹುಡುಗಿಗೆ ಕೇಡಾದೀತು ಎಂಬ ಭಯವೇ ನಿಮ್ಮನ್ನು ರಾತ್ರಿ ಎರಡಕ್ಕೆ ಎಬ್ಬಿಸುತ್ತಿದೆ ಎಂದು ನನಗೆ ಅನಿಸುತ್ತದೆ. ಮಳೆಗಾಲದಲ್ಲಿ ಜ್ವರ ಯಾರಿಗೆ ಬರುವುದಿಲ್ಲ? ಆ ಮದುವೆಗೆ ಬಂದ ಎಷ್ಟು ಜನ ಈ ಆಷಾಢದಲ್ಲಿ ಜ್ವರದಿಂದ ಮಲಗಿ ಎದ್ದಿಲ್ಲ? ಅವರ ಸುದ್ದಿ ಬಂದಾಗ ನಿಮ್ಮ ಎದೆ ಹಾರಲಿಲ್ಲ. ತಪ್ಪು ಮಾಡಿದೆ ಎಂದು ಕೊರಗುವ ಮನಸ್ಸು ತನಗೆ ಬೇಕಾದ ಸಾಕ್ಷಿಯನ್ನೇ ಹುಡುಕಿ ಹುಡುಕಿ ತರುತ್ತದೆ. ಕಾಳಜಿ ಹೆಚ್ಚಿದ್ದವರಲ್ಲೇ ಇದು ಹೆಚ್ಚು.

ಇನ್ನೊಂದು ಮಾತು. ನಮ್ಮ ಹಿರಿಯ ಹೆಣ್ಣುಮಕ್ಕಳು ಬಳೆ ಒಡೆದರೆ ‘ಒಡೆಯಿತು’ ಎನ್ನುತ್ತಿರಲಿಲ್ಲ, ‘ಹೆಚ್ಚಿತು’ ಎನ್ನುತ್ತಿದ್ದರು. ದೀಪವನ್ನು ‘ಆರಿಸು’ ಎನ್ನದೆ ‘ಶಾಂತ ಮಾಡು’ ಎನ್ನುತ್ತಿದ್ದರು. ದಿನ ಬಳಸುವ ವಸ್ತು ಒಂದಲ್ಲ ಒಂದು ದಿನ ಒಡೆಯುತ್ತದೆ, ಹರಿಯುತ್ತದೆ ಎಂದು ಅವರು ಕಂಡಿದ್ದರು. ಅಂಥ ಹೊತ್ತಿನಲ್ಲಿ ಮನೆಯ ಹೆಣ್ಣುಮಗಳ ಮನಸ್ಸು ಬೆದರದಿರಲಿ ಎಂದೇ ಒಂದು ತಂಪಾದ ಮಾತನ್ನು ಮಾಡಿಟ್ಟರು. ಮಂಟಪದಲ್ಲಿ ಯಾರೋ ಒಬ್ಬರಿಗೆ ಆ ಮಾತು ನೆನಪಾಗಲಿಲ್ಲ. ಅದನ್ನು ನಿಮಗೆ ನೀವೇ ಹೇಳಿಕೊಳ್ಳಿ. ಭಯ ಬಂದಾಗಲೆಲ್ಲ ಹೇಳಿಕೊಳ್ಳಿ.

ಎರಡನೆಯದು, ಸರ ಯಾಕೆ ಹರಿಯಿತು

ನಿಮ್ಮ ಪತ್ರದಲ್ಲೇ ಉತ್ತರ ಇದೆ. ಹೊಲಿಗೆ ದಾರ. ಅದು ಬಟ್ಟೆಯ ಎರಡು ಅಂಚು ಹಿಡಿದುಕೊಳ್ಳಲು ಮಾಡಿದ್ದು, ತೂಗುವ ಭಾರ ಹೊರಲು ಮಾಡಿದ್ದಲ್ಲ. ಗಾಜಿನ ಹರಳಿನ ತೂತಿನ ಅಂಚು ಬ್ಲೇಡಿನ ಹಾಗೆ ಹರಿತ ಇರುತ್ತದೆ. ಕೊರಳು ಅಲುಗಿದಾಗಲೆಲ್ಲ ಅದು ದಾರವನ್ನು ಸ್ವಲ್ಪ ಸ್ವಲ್ಪ ಕೊಯ್ಯುತ್ತದೆ. ಅದರ ಮೇಲೆ ವೈಶಾಖದ ಬೆವರು, ಅರಿಸಿನ, ಎಣ್ಣೆ. ಐದೆಳೆಯ ಭಾರ, ಮೇಲೊಂದು ಹೂವಿನ ಹಾರ, ಸೆರಗಿನ ಪಿನ್ನು. ಒಂದು ಎಳೆ ಸಾಕಾಯಿತು.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಕಾರಣ ಕೈಗೆ ಸಿಕ್ಕಿದರೆ ಅದನ್ನು ಸರಿಪಡಿಸಬಹುದು. ‘ನನ್ನ ಕೈಗುಣವೇ ಕೆಟ್ಟದ್ದು’ ಎಂದುಕೊಂಡರೆ ಸರಿಪಡಿಸಲು ದಾರಿಯೇ ಇರುವುದಿಲ್ಲ. ‘ದಾರ ತಪ್ಪಿತು’ ಎಂದುಕೊಂಡರೆ ನಾಳೆಯೇ ಬೇರೆ ದಾರ ತರಬಹುದು. ನಿಮಗೆ ಕಲಿಸುವವರು ಯಾರೂ ಇರಲಿಲ್ಲ. ಮೊಬೈಲಿನಲ್ಲಿ ಚೆಂದ ಕಾಣುವ ಮಣಿ ತೋರಿಸುತ್ತಾರೆ, ಕಾಣದ ದಾರದ ಬಗ್ಗೆ ಹೇಳುವವರು ಕಡಿಮೆ.

ಮತ್ತೆ ಸೂಜಿ ಹಿಡಿಯುವಾಗ

ಈಗಲೇ ಬೇಡ. ಮೊದಲ ವಾರ ಡಬ್ಬಿ ತೆರೆದು ಮಣಿಗಳನ್ನು ಬಣ್ಣಕ್ಕೆ, ಗಾತ್ರಕ್ಕೆ ತಕ್ಕಂತೆ ಆರಿಸಿಡಿ, ಅಷ್ಟೇ. ದಿನಕ್ಕೆ ಹತ್ತು ನಿಮಿಷ ಸಾಕು. ಮಾರುವ ಯೋಚನೆ ಬೇಡ. ಕೈ ನಡುಗಿದರೆ ನಡುಗಲಿ, ಕೂತೇ ಇರಿ. ಉಸಿರನ್ನು ನಿಧಾನವಾಗಿ, ಒಳಗೆ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ. ಅಂಜಿಕೆಯ ಜಾಗದಲ್ಲಿ ಸ್ವಲ್ಪ ಹೊತ್ತು ಕೂತು ಏನೂ ಕೆಡಲಿಲ್ಲ ಎಂದು ಮೈಗೆ ತಿಳಿದ ಹಾಗೆ ನಡುಕ ತಾನಾಗಿ ಇಳಿಯುತ್ತದೆ.

ಆಮೇಲೆ ಪೋಣಿಸಲು ಕೂತಾಗ ಈ ನಾಲ್ಕು ಮಾತು ನೆನಪಿಡಿ. ಮನೆಯಲ್ಲಿ ಈ ಕೆಲಸ ಮಾಡುವ ಎಲ್ಲ ಓದುಗರಿಗೂ ಇವು ಬೇಕಾದವು.

ಮಣಿ ನೋಡಿ ದಾರ ಆರಿಸಿ. ಗಾಜಿನ ಹರಳು, ಕಲ್ಲಿನ ಮಣಿ, ಭಾರದ ಲೋಹದ ಗುಂಡು ಇದ್ದರೆ ಗೇರ್ ವೈರ್ ಒಳ್ಳೆಯದು. ಸಣ್ಣ ಉಕ್ಕಿನ ಎಳೆಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ ತಂತಿ ಅದು, ಹರಿತ ಅಂಚನ್ನು ತಡೆಯುತ್ತದೆ. ತುದಿಯಲ್ಲಿ ಗೇರ್ ಲಾಕ್ ಹಾಕಿ ಇಕ್ಕಳದಿಂದ ಒತ್ತಬೇಕು. ಆದರೆ ಬಿಗಿಯಾಗಿ ಎಳೆಯಬೇಡಿ, ಒಂದೆರಡು ಮಿಲಿಮೀಟರ್ ಸಡಿಲ ಬಿಡಿ. ಜಾಗವಿಲ್ಲದ ಸರ ಕೊರಳಲ್ಲಿ ಬಾಗುವುದಿಲ್ಲ, ಲಾಕಿನ ಬಳಿಯೇ ತುಂಡಾಗುತ್ತದೆ. ಮುತ್ತಿಗೆ, ನುಣುಪು ತೂತಿನ ಮಣಿಗೆ, ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿಗೆ ರೇಷ್ಮೆ ದಾರವೋ ಗಟ್ಟಿ ನೈಲಾನ್ ದಾರವೋ ಸಾಕು. ಎಳೆದರೆ ಹಿಗ್ಗುವ ಎಲಾಸ್ಟಿಕ್ ದಾರ ಮಕ್ಕಳ ಕೈಸರಕ್ಕೆ ಮಾತ್ರ ಇರಲಿ, ಅದೂ ಬಹಳ ದಿನ ಬಾಳುವುದಿಲ್ಲ ಎಂದು ಹೇಳಿಯೇ ಕೊಡಿ. ಯಾವುದೇ ಮಣಿಯ ತೂತಿನಲ್ಲಿ ಮೊದಲು ಒಂದು ದಾರ ಹಾಕಿ ಹತ್ತು ಸಲ ಹಿಂದೆ ಮುಂದೆ ಎಳೆಯಿರಿ. ದಾರ ಜುಂಗು ಎದ್ದರೆ ಆ ಮಣಿ ದಾರಕ್ಕಲ್ಲ, ತಂತಿಗೆ.

ಮಣಿಯ ನಡುವೆ ಗಂಟು ಹಾಕಲು ಕಲಿಯಿರಿ. ಎರಡೆಳೆ ಮಾಡಿದ ಮೇಲೂ ದಾರ ಸರದ ಮೂರು ಪಟ್ಟು ಉದ್ದ ಇರಲಿ, ಗಂಟುಗಳು ದಾರ ತಿನ್ನುತ್ತವೆ. ಮಣಿ ಹಾಕಿದ ಮೇಲೆ ಒಂದು ಸಡಿಲ ಕುಣಿಕೆ ಮಾಡಿ. ಆ ಕುಣಿಕೆಯೊಳಗೆ ಇನ್ನೊಂದು ದಪ್ಪ ಸೂಜಿ ತೂರಿಸಿ, ಸೂಜಿಯಿಂದಲೇ ಗಂಟನ್ನು ಮಣಿಯ ಬುಡಕ್ಕೆ ಸರಿಸಿ, ಸೂಜಿ ಜಾರಿಸಿ ತೆಗೆದು ಬಿಗಿಯಿರಿ. ಮೊದಲ ಹತ್ತು ಗಂಟು ಎಲ್ಲೆಲ್ಲೋ ಕೂರುತ್ತವೆ. ಬೇಸರ ಬೇಡ, ಅವು ಕಲಿಕೆಯ ಗಂಟು. 16 ಇಂಚಿನ ಸರಕ್ಕೆ 8 ಮಿಲಿಮೀಟರಿನ ಮಣಿ ಸುಮಾರು 50 ಬೇಕು, 4 ಮಿಲಿಮೀಟರಿನದಾದರೆ 100. ದೊಡ್ಡ ಮಣಿಯಲ್ಲೇ ಶುರುಮಾಡಿ, ಕಣ್ಣಿಗೂ ಮನಸ್ಸಿಗೂ ಹಗುರ. ಕೊನೆಯ ಗಂಟಿಗೆ ಬಣ್ಣವಿಲ್ಲದ ಉಗುರುಬಣ್ಣದ ಒಂದು ಹನಿ ಸಾಕು. ಕೂಡಲೇ ಅಂಟುವ ಗಟ್ಟಿ ಗೋಂದು ದಾರವನ್ನು ಬಿರುಸು ಮಾಡಿ ಅಲ್ಲೇ ಮುರಿಯುವಂತೆ ಮಾಡುತ್ತದೆ.

ಕೊಡುವ ಮುನ್ನ ಪರೀಕ್ಷೆ ಮಾಡಿ. ಸರ ಮುಗಿದ ಮೇಲೆ ಒಂದು ರಾತ್ರಿ ಮೊಳೆಗೆ ತೂಗುಹಾಕಿ, ಕೆಳಗೆ ಬೀಗದ ಕೈಗಳ ಗೊಂಚಲು ಕಟ್ಟಿ. ದಾರ ಎಷ್ಟು ಹಿಗ್ಗಬೇಕೋ ಅಷ್ಟು ಹಿಗ್ಗುತ್ತದೆ, ಸಡಿಲ ಗಂಟು ತಾನೇ ತೋರಿಸಿಕೊಳ್ಳುತ್ತದೆ. ಐದೆಳೆಯ ಸರವಾದರೆ ಎಲ್ಲ ಎಳೆಯನ್ನೂ ಒಂದೇ ಗಂಟಿಗೆ ಸೇರಿಸಬೇಡಿ. ತುದಿಯ ಪಟ್ಟಿಯಲ್ಲಿ ಎಳೆಗೊಂದು ತೂತು, ತೂತಿಗೊಂದು ಗಂಟು. ಆಗ ಒಂದು ಎಳೆ ಹೋದರೂ ನಾಲ್ಕು ಉಳಿಯುತ್ತವೆ.

ಕೂರುವ ಜಾಗ ಸರಿಮಾಡಿಕೊಳ್ಳಿ. ಊಟದ ತಟ್ಟೆಯಲ್ಲಿ ಹಳೆಯ ಟವೆಲ್ ಹಾಸಿ ಮಣಿ ಹರವಿ, ಉರುಳುವುದಿಲ್ಲ. ಹಗಲ ಬೆಳಕು ಬೀಳುವ ಕಿಟಕಿಯ ಬಳಿ ಕೂತುಕೊಳ್ಳಿ. ನಿಮಗೆ 41. ಸೂಜಿಯ ಕಣ್ಣು ಮಸುಕಾಗಿ ಕಂಡರೆ ಅದು ಚಾಳೀಸು ಇರಬಹುದು, ನಾಚಿಕೆಯ ಮಾತಲ್ಲ. ಕಣ್ಣಿನ ಡಾಕ್ಟರ ಬಳಿ ಒಮ್ಮೆ ತೋರಿಸಿ. ಗಂಟು ಸರಿಯಾಗಿ ಕೂರದಿರಲು ಎಷ್ಟೋ ಸಲ ಕನ್ನಡಕ ಇಲ್ಲದಿರುವುದೇ ಕಾರಣ ಇರುತ್ತದೆ. ಹುಕ್ಕು ತಾಗಿದ ಕಡೆ ಕೊರಳು ಕೆರೆಯುತ್ತದೆ ಎಂದು ಯಾರಾದರೂ ಹೇಳಿದರೆ ಅದು ಅಗ್ಗದ ಲೋಹದಲ್ಲಿರುವ ನಿಕ್ಕಲ್‌ನಿಂದ ಇರಬಹುದು, ಅಂಥವರಿಗೆ ಹಿಂದೆ ದಾರದ ಡೋರಿ ಹಾಕಿ ಕೊಡಿ. ಮನೆಯಲ್ಲಿ ತೊಡೆಯ ಮೇಲಿನ ಕೂಸು ಇದ್ದರೆ ಮಣಿ ಡಬ್ಬಿ ಮೇಲಿನ ಗೂಡಿನಲ್ಲಿರಲಿ. ಮೂಗಿಗೋ ಕಿವಿಗೋ ಮಣಿ ಹಾಕಿಕೊಂಡರೆ ಪಿನ್ನಿನಿಂದ ಕೆದಕಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಸಾಲದ ಲೆಕ್ಕಕ್ಕೆ ಬೇರೆ ಗಂಟು

ಸಾಲ ಎಂದರೆ ಒಂದು ಲೆಕ್ಕ. ಅದನ್ನು ಮರ್ಯಾದೆಯ ಜೊತೆ ಗಂಟು ಹಾಕಿಕೊಂಡಾಗ ಅದು ಬೆಟ್ಟವಾಗುತ್ತದೆ. ಒಂದು ನೋಟುಪುಸ್ತಕದಲ್ಲಿ ಮೂರೇ ಸಾಲು ಬರೆಯಿರಿ: ಉಳಿದ ಸಾಲ ಎಷ್ಟು, ಕಂತು ಎಷ್ಟು, ಡಬ್ಬಿಯಲ್ಲಿ ಉಳಿದ ಸಾಮಾನಿನ ಬೆಲೆ ಎಷ್ಟು. ನಿಮ್ಮ ಮನೆಯವರೊಂದಿಗೆ ಕೂತು ಬರೆಯಿರಿ. ಕಂತು ಕಟ್ಟುವುದು ಕಷ್ಟವೆನಿಸಿದರೆ ತಪ್ಪಿಸುವ ಮುನ್ನವೇ ಸಂಘದ ಸಭೆಯಲ್ಲಿ ಬಾಯಿ ಬಿಟ್ಟು ಹೇಳಿ. ಅಲ್ಲಿ ಕೂತವರೂ ನಿಮ್ಮ ಹಾಗೆ ಮನೆ ನಡೆಸುವವರೇ. ಈ ಸಾಲ ತೀರಿಸಲು ಇನ್ನೊಂದು ಸಾಲ ಮಾತ್ರ ಬೇಡ.

ಮುಂದೆ ಬೆಲೆ ಇಡುವಾಗ ನಿಮ್ಮ ಕೈಯ ಹೊತ್ತಿಗೂ ಬೆಲೆ ಹಾಕಿ. ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ ಇತ್ತು. ಎಂಟು ತಾಸಿಗೆ ಹಂಚಿದರೆ ತಾಸಿಗೆ 46 ರೂಪಾಯಿಯಷ್ಟು. ಒಂದು ಸರಕ್ಕೆ ಸಾಮಾನು 110 ರೂಪಾಯಿ, ನಿಮ್ಮ ಎರಡು ತಾಸು 92 ರೂಪಾಯಿ, ಹಾಳಾದದ್ದು, ಬಸ್ಸಿನ ಖರ್ಚು 20 ರೂಪಾಯಿ ಎಂದಿಟ್ಟುಕೊಳ್ಳಿ. ಅಲ್ಲಿಗೆ 222 ಆಯಿತು. ಅದಕ್ಕಿಂತ ಕಡಿಮೆಗೆ ಕೊಟ್ಟರೆ ನಿಮ್ಮ ಕೂಲಿಯನ್ನು ನೀವೇ ಬಿಟ್ಟುಕೊಟ್ಟ ಹಾಗೆ. ‘ಆರು ತಿಂಗಳೊಳಗೆ ದಾರ ಹರಿದರೆ ಮತ್ತೆ ಪೋಣಿಸಿಕೊಡುತ್ತೇನೆ’ ಎಂಬ ಒಂದು ಮಾತನ್ನೂ ಸೇರಿಸಿ. ಆಗ ಹರಿದ ಸರ ಒಂದು ದೂರು ಆಗುವುದಿಲ್ಲ, ಮನೆ ಬಾಗಿಲಿಗೆ ಮರಳಿ ಬರುವ ಗಿರಾಕಿ ಆಗುತ್ತದೆ. ಊರಲ್ಲಿ ಹಳೆಯ ಸರ ಪೋಣಿಸಿಕೊಡುವವರು ಕಡಿಮೆಯಾಗಿದ್ದಾರೆ. ಆ ಕೆಲಸಕ್ಕೆ ಬಂಡವಾಳ ಬೇಡ. ಬೇರೆಯವರ ಮಣಿ, ನಿಮ್ಮ ದಾರ, ನಿಮ್ಮ ಗಂಟು.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಎಚ್ಚರಿಕೆ. ‘ಮನೆಯಲ್ಲೇ ಕೂತು ಮಣಿ ಪೋಣಿಸಿ, ತಿಂಗಳಿಗೆ ಸಾವಿರಾರು ಗಳಿಸಿ, ಮೊದಲು ಡಿಪಾಜಿಟ್ ಕಟ್ಟಿ’ ಎಂಬ ಸಂದೇಶ ಮೊಬೈಲಿಗೆ ಬಂದರೆ ಹಣ ಕಳಿಸಬೇಡಿ. ಕೆಲಸ ಕೊಡುವವರು ನಮಗೆ ಹಣ ಕೊಡಬೇಕು, ನಮ್ಮಿಂದ ಕೇಳಬಾರದು. ಈಗಾಗಲೇ ಕಳಿಸಿದ್ದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಕೈ ಹಿಡಿದು ಕಲಿಸುವವರು ಬೇಕೆನಿಸಿದರೆ ಜಿಲ್ಲೆಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ಮೇಲೆ ದೇಶದ ಉದ್ದಗಲಕ್ಕೂ ಬೆಳೆದ ಸಂಸ್ಥೆಗಳು ಇವು. ಇವರ ಪಟ್ಟಿಯಲ್ಲಿ ಕೃತಕ ಆಭರಣ ತಯಾರಿಕೆಯ 13 ದಿನದ ತರಬೇತಿ ಇದೆ, ಊಟ ವಸತಿ ಸಹಿತ ಉಚಿತ. ಮುಂದಿನ ತಂಡ ಯಾವಾಗ ಎಂಬುದನ್ನು ಹಾನಗಲ್ಲಿನ ತಾಲ್ಲೂಕು ಪಂಚಾಯಿತಿಯಲ್ಲಿ ಮಹಿಳಾ ಸಂಘಗಳ ‘ಸಂಜೀವಿನಿ’ ಯೋಜನೆಯವರನ್ನು ಕೇಳಿದರೆ ತಿಳಿಯುತ್ತದೆ.

ಅತ್ತೆ, ಮನೆಯವರು, ಆ ಹುಡುಗಿ

ಅತ್ತೆಯವರ ಮಾತು ನಿಮಗೆ ಚುಚ್ಚಿದೆ. ಚುಚ್ಚುವಂಥ ಮಾತೇ ಅದು. ಆದರೆ ಒಂದು ಯೋಚಿಸಿ. ನಿಮ್ಮ ಅತ್ತೆ ಆ ಮದುಮಗಳಿಗೆ ಅಜ್ಜಿ. ಮಂಟಪದಲ್ಲಿ ‘ಹಿಂಗ ಆಗಬಾರದಿತ್ತು’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದ ಹಾಗೆ ಅವರ ಕಿವಿಗೂ ಬಿದ್ದಿರುತ್ತದೆ. ಮೊಮ್ಮಗಳಿಗೆ ಏನಾದರೂ ಆದೀತೇ ಎಂದು ನೀವು ಎದ್ದು ಕೂತ ರಾತ್ರಿಗಳಲ್ಲಿ ಅವರೂ ಮಗ್ಗುಲು ಬದಲಿಸಿರಬಹುದು. ಹಿರಿಯರ ಭಯ ಎಷ್ಟೋ ಸಲ ಬೈಗುಳವಾಗಿಯೇ ಹೊರಗೆ ಬರುತ್ತದೆ. ಒಂದೇ ಸೂರಿನ ಕೆಳಗೆ ಇಬ್ಬರೂ ಒಂದೇ ಭಯ ಹೊತ್ತು ಬೇರೆ ಬೇರೆ ಕೂತಿದ್ದೀರಿ.

ವಾದ ಮಾಡಬೇಡಿ. ಅವರ ಪಕ್ಕ ಕೂತು, "ಅತ್ತಿ, ಹುಡುಗಿಗೆ ಜ್ವರ ಅಂದಾಗ ನನಗ ಭಾಳ ಅಂಜಿಕಿ ಆತು. ನಿಮಗೂ ಆತೇನು?" ಎಂದು ಕೇಳಿ ನೋಡಿ. ಇನ್ನೊಂದು ದಿನ ಅವರ ಕಾಲದಲ್ಲಿ ಬೋರಮಾಳ, ಗೆಜ್ಜಿಟಿಕ್ಕಿ ಯಾರು ಪೋಣಿಸಿಕೊಡುತ್ತಿದ್ದರು, ದಾರ ಯಾವುದಿತ್ತು ಎಂದು ಕೇಳಿ. ನಿಮಗೆ ಬೇಕಾದ ವಿದ್ಯೆಯ ಒಂದು ತುದಿ ಅವರ ನೆನಪಿನಲ್ಲೇ ಇರಬಹುದು.

‘ಹೊಟ್ಟಿ ತುಂಬತದೇನು’ ಎಂಬ ಪ್ರಶ್ನೆಗೆ ಇವತ್ತು ಉತ್ತರ ಕೊಡಬೇಕಿಲ್ಲ. ನಿಮ್ಮ ಜಿಲ್ಲೆಯ ಹಾವೇರಿಯನ್ನೇ ನೋಡಿ. ಏಲಕ್ಕಿಯನ್ನು ಹಾರವಾಗಿ ಕಟ್ಟುವ ಕಸುಬನ್ನು ಅಲ್ಲಿಯ ಪಟವೇಗಾರ ಮನೆತನದವರು ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದಾರೆ. ಇವತ್ತು ಆ ಹಾರವೇ ಊರಿನ ಗುರುತು. ಗಣ್ಯರು ಬಂದರೆ ಕೊರಳಿಗೆ ಅದೇ ಬೀಳುತ್ತದೆ. ಕಸುಬು ಹೊಟ್ಟೆ ತುಂಬಲು ಕಾಲ ಹಿಡಿಯುತ್ತದೆ. ನಿಮ್ಮದು ಎರಡೇ ವರ್ಷದ್ದು. ಅದು ಮನೆಯ ಖರ್ಚಿಗೆ ಒಂದು ಆಸರೆಯಾದರೆ ಸದ್ಯಕ್ಕೆ ಸಾಕು, ಮನೆಯನ್ನೇ ಹೊರಬೇಕಾಗಿಲ್ಲ.

ನಿಮ್ಮ ಮನೆಯವರು ‘ಏನೂ ಅನ್ನಲಿಲ್ಲ’ ಎಂದು ಬರೆದಿದ್ದೀರಿ. ಅದರ ಮುಂದಿನ ಸಾಲನ್ನು ನೀವೇ ಇನ್ನೊಮ್ಮೆ ಓದಿ. ಹಸೆಮಣೆಯ ಸುತ್ತ ಜನ ತುಂಬಿರುವಾಗ ಬಗ್ಗಿ, ಕಾಲುಗಳ ನಡುವಿನಿಂದ ಮಣಿ ಆರಿಸಿ, ಕರವಸ್ತ್ರದಲ್ಲಿ ಕಟ್ಟಿ ಮನೆತನಕ ತಂದರು. ನಿಮ್ಮ ಕೆಲಸ ಬೆಲೆಯಿಲ್ಲದ್ದು ಎಂದುಕೊಂಡವರು ಹಾಗೆ ಮಾಡುತ್ತಾರೆಯೇ?

ಇನ್ನು ಆ ಹುಡುಗಿ. ಪಂಚಮಿಯವರೆಗೆ ಕಾಯಬೇಡಿ. ನೀವೇ ಒಂದು ಫೋನ್ ಮಾಡಿ, ಜ್ವರ ಹೇಗಿದೆ ಎಂದು ಮೊದಲು ಕೇಳಿ. ಆಮೇಲೆ, "ಆವತ್ತು ಸರ ಹರದು ನಿನಗ ಬ್ಯಾಸರ ಆಗಿರಬೇಕು. ತಪ್ಪಾತು ಮಗಳ. ದಾರ ಸರಿ ಇರಲಿಲ್ಲ, ಈಗ ತಿಳೀತು" ಎಂದು ಒಂದೇ ಸಲ ಹೇಳಿ. ಎರಡನೆಯ ಸಲ ಬೇಡ. ಅವಳು ಏನೆನ್ನುತ್ತಾಳೋ ನನಗೆ ಗೊತ್ತಿಲ್ಲ. ಆದರೆ ಅಂಗಡಿಯ ಸರ ಬಿಟ್ಟು ನಿಮ್ಮ ಸರವನ್ನೇ ಕೇಳಿ ಹಾಕಿಕೊಂಡ ಹುಡುಗಿ ಅವಳು. ಅವಳ ಮನಸ್ಸನ್ನು ನೀವೇ ಊಹಿಸಿಕೊಂಡು ಶಿಕ್ಷೆ ಅನುಭವಿಸುವ ಬದಲು ಅವಳ ಬಾಯಿಂದಲೇ ಕೇಳಿ.

ನೆರವು ಬೇಕಾದರೆ

ನಿದ್ದೆಗೆಟ್ಟು ಮೂರು ತಿಂಗಳಾಗುತ್ತ ಬಂತು ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಮೇಲಿನ ಹೆಜ್ಜೆಗಳ ಜೊತೆಗೇ ಒಮ್ಮೆ ಡಾಕ್ಟರನ್ನು ಕಾಣಿ. ಊಟ ಸೇರದಿದ್ದರೆ, ಸಣ್ಣಪುಟ್ಟ ಕೆಲಸಕ್ಕೂ ಎದೆ ಹೊಡೆದುಕೊಂಡರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಒಂದು ದಿನವೂ ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ತೆರೆದಿರುತ್ತದೆ, ಹಣ ಬೇಡ, ಕನ್ನಡದಲ್ಲೇ ಮಾತನಾಡಬಹುದು. ರಾತ್ರಿ ಎರಡಕ್ಕೆ ಎಚ್ಚರವಾದಾಗಲೂ ಆ ಕಡೆ ಒಬ್ಬರು ಇರುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮದ ದಿನ ಯಾವುದು ಎಂದು ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ.

ನಿಮ್ಮ ಅಕ್ಕಿಆಲೂರು ರಕ್ತದಾನಿಗಳ ಊರೆಂದು ಹೆಸರಾದದ್ದು. ಅಪಘಾತವಾದವರೋ ಬಾಣಂತಿಯೋ ಬೇರೆಯವರ ರಕ್ತ ಪಡೆದರೆ ಯಾರೂ ಅದನ್ನು ಕೀಳಾಗಿ ಕಾಣುವುದಿಲ್ಲ. ಮನಸ್ಸು ಸೋತಾಗ ಇನ್ನೊಬ್ಬರ ಬಲ ಪಡೆಯುವುದೂ ಹಾಗೆಯೇ.

ಆ ಕರವಸ್ತ್ರ

ಕೊನೆಗೆ ಒಂದು ಸಣ್ಣ ಕೆಲಸ. ಪಂಚಮಿಗೆ ಮುಂಚೆ, ಮನಸ್ಸು ತುಸು ತಿಳಿಯಾದ ಒಂದು ಮಧ್ಯಾಹ್ನ, ಆ ಕರವಸ್ತ್ರದ ಗಂಟು ಬಿಚ್ಚಿ. ಒಬ್ಬರೇ ಬೇಡ. ಅತ್ತೆಯವರನ್ನೋ ಮನೆಯವರನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ತಟ್ಟೆಯಲ್ಲಿ ಟವೆಲ್ ಹಾಸಿ ಸುರಿಯಿರಿ. ಅವಸರದಲ್ಲಿ ಆರಿಸಿದ್ದು, ಮಣಿಯ ಜೊತೆ ಅಕ್ಕಿಕಾಳೂ ಒಂದಿಷ್ಟು ಬಂದಿರುತ್ತವೆ. ಆ ಕಾಳುಗಳನ್ನು ಬೇರೆ ಮಾಡುವಾಗ ಅವು ಏನೆಂದು ನೆನೆಯಿರಿ. ಊರ ಹಿರಿಯರು, ನೆಂಟರು, ನಕ್ಕವರು, ಮರುಗಿದವರು ಎಲ್ಲರೂ ಆ ಹುಡುಗಿ ಚೆನ್ನಾಗಿ ಬಾಳಲಿ ಎಂದು ಹರಸಿ ಹಾಕಿದ ಕಾಳು ಅವು. ನಿಮ್ಮ ಮಣಿಗಳು ಬಿದ್ದದ್ದು ಅವುಗಳ ನಡುವೆ.

ಮಣಿ ಎಷ್ಟು ಸಿಕ್ಕಿವೆಯೋ ಅಷ್ಟೇ ಸಾಕು. ಐದೆಳೆ ಬೇಡ, ಒಂದೆಳೆ ಮಾಡಿ. ಕೆಂಪು ಹರಳು ಬದಿಗಿಡಿ, ನುಣುಪು ಮಣಿಗಳನ್ನೇ ತೆಗೆದುಕೊಳ್ಳಿ. ಒಳ್ಳೆಯ ರೇಷ್ಮೆ ದಾರ, ಮಣಿಗೊಂದು ಗಂಟು, ಒಂದು ರಾತ್ರಿ ಮೊಳೆಗೆ ತೂಗುಹಾಕಿ. ಪಂಚಮಿಗೆ ಹುಡುಗಿ ಬಂದು ಉಂಡಿ ತಿಂದು ಜೋಕಾಲಿ ಆಡಿ ದಣಿದು ಕೂತಾಗ ಅವಳ ಕೈಗೆ ಕೊಡಿ. ಹಾಕಿಕೊಂಡು ಜೋಕಾಲಿ ಆಡಿದರೂ ಆಡಲಿ.

ಕೆಲಸ ಬಿಡಬೇಕೋ ಬೇಡವೋ ಎಂಬುದನ್ನು ಆ ಮೇಲೆ ನಿಮ್ಮ ಕೈಗಳನ್ನೇ ಕೇಳಿ.

— ನಿಮ್ಮ ಅಕ್ಕ